ಹಗೇವಿನೊಳಗೆ ಹೊತ್ತಿದ ಟಾರ್ಚು

ನನ್ನ ಭಾವನ ಬೆರಳುಗಳಿಗೆ ಫೋನು ಮಣಿಯುತ್ತಿರಲಿಲ್ಲ. ಕಬ್ಬಿನ ಸೋಗೆ, ಗುದ್ದಲಿಯ ಕಾವು, ಗದ್ದೆಯ ಕೆಸರು ಇವುಗಳಲ್ಲೇ ಸವೆದ ಬೆರಳುಗಳು. ತುದಿಗಳೆಲ್ಲ ಒಡೆದು ಗಟ್ಟಿಯಾಗಿದ್ದವು. ಎಷ್ಟು ಒತ್ತಿದರೂ ಗಾಜಿನ ಮೇಲಿನ ಚಿತ್ರಗಳು ಅಲುಗಾಡುತ್ತಿರಲಿಲ್ಲ. ಒಂದು ಸಲ ಸಿಟ್ಟು ಬಂದು, "ನಾನು ಬದುಕಿದೀನಿ ಅಂತ್ಲೇ ಇದ್ಕೆ ಗೊತ್ತಾಗಕ್ಕಿಲ್ಲ ಕಣವ್ವ" ಎಂದಿದ್ದರು. ನಾನು ನಕ್ಕಿದ್ದೆ.

ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಅವರ ಮಗಳು ರಜೆಗೆ ಬಂದಾಗ ಅದಕ್ಕೊಂದು ದಾರಿ ಮಾಡಿಕೊಟ್ಟಳು. ಫೋನನ್ನು ಕರೆಯಲು ಎರಡು ಇಂಗ್ಲಿಷ್ ಪದ. ಆಮೇಲೆ ಬೇಕಾದ್ದನ್ನು ಕನ್ನಡದಲ್ಲೇ ಬಾಯಲ್ಲಿ ಹೇಳಿದರಾಯಿತು. ಭಾವ ಅದರಿಂದ ಮಾಡಿಸಿಕೊಳ್ಳುತ್ತಿದ್ದದ್ದು ಒಂದೇ ಕೆಲಸ. ಕರೆಂಟು ಬೆಳಗಿನ ಜಾವಕ್ಕೆ ಕೊಟ್ಟಾಗ ಪಂಪ್‌ಸೆಟ್ಟಿನ ಕಡೆ ಹೋಗಬೇಕಲ್ಲ, ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಪಂಚೆ. ಜೇಬಿನಲ್ಲಿದ್ದ ಫೋನಿಗೆ, "ಟಾರ್ಚ್ ಹಾಕು ತಾಯಿ" ಅನ್ನುವರು. ಬೆಳಕಾಗುತ್ತಿತ್ತು. ಫೋನಿನದು ಹೆಣ್ಣಿನ ದನಿಯಾದ್ದರಿಂದ ಆ 'ತಾಯಿ'. ನಾನು ಕನ್ನಡ ಮೇಡಮ್ಮು. ನನಗೆ ಮೋಜು ಅನಿಸುತ್ತಿದ್ದದ್ದು ಬೇರೆ. ಮನೆಯಲ್ಲಿ ಎಲ್ಲರ ಜೊತೆ 'ಆಕು', 'ಓಗು' ಎಂದೇ ಮಾತಾಡುವವರು ಫೋನಿಗೆ ಮಾತ್ರ ಹಕಾರವನ್ನು ಒತ್ತಿ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ 'ಹಾಕು' ಅನ್ನುತ್ತಿದ್ದರು. 'ಆಕು' ಅಂದರೆ ಅದಕ್ಕೆ ತಿಳಿಯುವುದಿಲ್ಲವಂತೆ.

ನಾನಿರುವುದು ನಂಜನಗೂಡಿನಲ್ಲಿ. ಅಕ್ಕನನ್ನು ಕೊಟ್ಟಿರುವುದು ಸೋಸಲೆಗೆ. ಆ ಭಾನುವಾರ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಹಿಡಿದು ಅವರ ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅವರ ಮನೆ ಊರಿನ ದಿಣ್ಣೆಯ ಮೇಲಿದೆ. ಅಂಗಳದಲ್ಲಿ ಹಾರೆ ಬಿದ್ದಿತ್ತು, ಮಣ್ಣು ಗುಡ್ಡೆಯಾಗಿತ್ತು. ಭಾವ ಮತ್ತು ಅವರ ತಮ್ಮ ನೆಲ ನೋಡುತ್ತಾ ನಿಂತಿದ್ದರು.

"ಏನಿದು?" ಎಂದೆ ಅಕ್ಕನಿಗೆ.

"ಹಳೇ ಅಗೇವು ಕಣಮ್ಮಿ. ಬಾಯಿ ತೆಗೆದವ್ರೆ" ಎಂದಳು. ಅವಳ ಮುಖ ಗೆಲುವಾಗಿರಲಿಲ್ಲ.

ರಾಗಿ, ಭತ್ತವನ್ನು ನೆಲದೊಳಗೆ ತುಂಬಿಡುತ್ತಿದ್ದ ಕಾಲದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟು. ಒಳಗೆ ಗುಡಾಣದ ಹಾಗೆ ಹೊಟ್ಟೆ ಬಿಟ್ಟುಕೊಂಡಿರುತ್ತದೆ. ಭಾವನ ತಂದೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಅದರ ಮೇಲೆಯೇ ಅಕ್ಕ ವರ್ಷಗಟ್ಟಲೆ ಸಂಡಿಗೆ ಒಣಹಾಕಿದ್ದಾಳೆ. ಈಚೆಗೆ ನಡುಮನೆಯ ಗೋಡೆ ಬಿರುಕು ಬಿಟ್ಟಿತ್ತು. ಗಾರೆ ಕೆಲಸದವನು ಬಂದು, ನೆಲ ಎಲ್ಲೋ ಒಳಗೆ ಕುಸಿಯುತ್ತಿದೆ ಎಂದಿದ್ದ. ನಾಲೆಯ ನೀರು ಜಿನುಗಿ ಹಗೇವಿನ ಮಗ್ಗುಲು ಸಡಿಲವಾಗಿದೆಯೇನೋ, ನೋಡಿಬಿಡೋಣ ಎಂದು ಭಾವ ಹೊರಟಿದ್ದರು.

ಚಪ್ಪಡಿ ಸರಿಸಿದ ಕಿಂಡಿಯ ಹತ್ತಿರ ಹೋಗಿ ಬಗ್ಗಿದೆ. ಹಳಸಿದ ಅಂಬಲಿಯಂಥ ಹುಳಿ ವಾಸನೆ ಬಂತು. ಮೇಲೆ ಅಷ್ಟು ಬಿಸಿಲಿದ್ದರೂ ಒಳಗೆ ಕಿಂಡಿಯಿಂದ ಮೊಣಕೈ ಉದ್ದ ಇಳಿದಲ್ಲಿಗೆ ಬೆಳಕು ನಿಂತುಹೋಗಿತ್ತು. ಸಣ್ಣ ಕಲ್ಲೊಂದನ್ನು ಹಾಕಿದೆ. ಮೆತ್ತಗೆ, ಹೊಟ್ಟಿನ ಮೇಲೆ ಬಿದ್ದ ಹಾಗೆ ಸದ್ದಾಯಿತು.

ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಉಣ್ಣುವಾಗ ಅಕ್ಕ, "ಅದ್ರೊಳಕ್ಕೆ ಯಾರೂ ಇಳೀಬ್ಯಾಡಿ. ಜೆಸಿಬಿ ಕರೆಸಿ ಮಣ್ಣು ತುಂಬ್ಸಿ ಸುಮ್ಕಾಗಿ" ಎಂದಳು.

"ಒಳ್ಗೇನಾಗದೆ ಅಂತ ಗೊತ್ತಿಲ್ದೆ ತುಂಬ್ಸಾದು ಎಂಗೆ?" ಎಂದರು ಭಾವ. "ನಮ್ಮಪ್ಪ ಇಳಿಯಾಕೆ ಮುಂಚೆ ದೀಪ ಬಿಟ್ಟು ನೋಡೋರು, ಆರಿದ್ರೆ ಇಳೀತಿರ್ಲಿಲ್ಲ. ನಾನೂ ನೋಡೇ ಇಳೀತೀನಿ. ಸುಮ್ಕೆ ದುಮುಕ್ತೀನಾ?"

ಹೇಳಿದಂತೆಯೇ ಮಾಡಿದರು. ಆದರೆ ಅವರು ಬಿಟ್ಟ ದೀಪ ಫೋನು. ಅದನ್ನು ಟವೆಲ್ಲಿನಲ್ಲಿ ಜೋಳಿಗೆಯ ಹಾಗೆ ಕಟ್ಟಿ, ಹಗ್ಗಕ್ಕೆ ಬಿಗಿದು, ನಿಧಾನವಾಗಿ ಇಳಿಸಿದರು. ಹಗ್ಗ ಸಡಿಲವಾಯಿತು, ತಳ ಮುಟ್ಟಿತು. ಭಾವ ಕಿಂಡಿಗೆ ಬಾಯಿಟ್ಟು ಅದನ್ನು ಕರೆದು, "ಟಾರ್ಚ್ ಹಾಕು ತಾಯಿ" ಎಂದು ಕೂಗಿದರು. ಒಳಗಿಂದ ಅವರ ದನಿಯೇ ದಪ್ಪವಾಗಿ ತಿರುಗಿ ಬಂತು. ಅದರ ಹಿಂದೆಯೇ ಬೆಳಕು ಬಂತು. ಬಿಳಿಯ, ಅಲುಗಾಡದ ಬೆಳಕು. ಕಪ್ಪುಗಟ್ಟಿದ ಕಲ್ಲಿನ ಸುತ್ತುಗೋಡೆ, ತಳದಲ್ಲಿ ಬೂದಿ ಬಣ್ಣದ ಏನೋ ಹರಡಿದ್ದು, ಇಷ್ಟು ಕಂಡವು.

"ನೋಡು, ಎಂಗೆ ಉರೀತಾ ಅದೆ" ಎಂದರು ಅಕ್ಕನ ಕಡೆ ತಿರುಗಿ. "ಆರ್ತಾ?"

ಇಲ್ಲ, ಆರಲಿಲ್ಲ. ಅದು ಗಾಳಿ ಕುಡಿದು ಉರಿಯುವ ದೀಪವಲ್ಲ ಎಂಬುದು ಆ ಗಳಿಗೆಯಲ್ಲಿ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅಕ್ಕನೂ ಸುಮ್ಮನಾದಳು. ಸುಮ್ಮನಾದರೂ, ದನದ ಹಗ್ಗ ತಂದು ಗಂಡನ ಕಂಕುಳ ಕೆಳಗೆ ಸುತ್ತಿ ತಾನೇ ಗಂಟು ಹಾಕಿದಳು. "ನನ್ನೇನು ಬಾವಿಗೆ ಬಿಡೋ ಬಿಂದಿಗೆ ಅನ್ಕೊಂಡ್ಯಾ?" ಎಂದು ಗೊಣಗಿದರು ಭಾವ. ಅವಳು ಇನ್ನೊಂದು ಗಂಟು ಬಿಗಿದಳು.

ಏಣಿ ಇಳಿಬಿಟ್ಟರು. ಫೋನನ್ನು ಮೇಲೆಳೆದುಕೊಂಡು, ಟಾರ್ಚು ಉರಿಯುತ್ತಿದ್ದ ಹಾಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡು ಭಾವ ಇಳಿದರು. ಹಗ್ಗದ ತುದಿ ತಮ್ಮನ ಕೈಯಲ್ಲಿತ್ತು. ಭುಜಗಳನ್ನು ಓರೆ ಮಾಡಿ ತೂರಬೇಕಾಯಿತು. ತಲೆ ಮುಳುಗಿದ ಮೇಲೆ ಏಣಿ ಕಿರುಗುಟ್ಟುವುದಷ್ಟೇ ಕೇಳುತ್ತಿತ್ತು.

"ಗ್ವಾಡೆ ನೆಟ್ಟಗದೆ ಕಣ್ಲಾ" ಎಂದು ಕೆಳಗಿಂದ ಕೂಗಿದರು. "ಬುಡ ನೋಡ್ತೀನಿ ಇರು."

ಅವರು ಕುಕ್ಕರಗಾಲಲ್ಲಿ ಕೂತಿರಬೇಕು. ಏನೋ ಬಿದ್ದ ಸದ್ದಾಯಿತು. ಕಿಂಡಿಯಿಂದ ಬರುತ್ತಿದ್ದ ಬೆಳಕು ಒಮ್ಮೆಲೇ ಹೋಯಿತು.

"ಥೂ, ಬಿದ್ದೋಯ್ತು" ಎಂದರು. ಆಮೇಲೆ ಫೋನನ್ನು ಕರೆದು, "ಟಾರ್ಚ್ ಹಾಕು ತಾಯಿ."

ಫೋನಿನ ಹೆಂಗಸು ಕೆಳಗಿನ ಕತ್ತಲಿಂದ ಸ್ಪಷ್ಟವಾಗಿ ಹೇಳಿದಳು: "ಟಾರ್ಚ್ ಈಗಾಗಲೇ ಆನ್ ಆಗಿದೆ."

ನಾವು ಮೂವರೂ ನಕ್ಕೆವು. ಅದು ಮಗುಚಿ ಬಿದ್ದಿರಬೇಕು, ಬೆಳಕೆಲ್ಲ ಹೊಟ್ಟಿನೊಳಗೆ ಹೂತಿರಬೇಕು. ಭಾವನ ತಮ್ಮ, "ಅಣ್ಣೋ, ತಡಕಾಡು, ಕಾಲ ಬುಡದಲ್ಲೇ ಇರ್ತದೆ" ಎಂದ. ಭಾವನೂ ನಗುತ್ತಿದ್ದರು. ನಾವು ನಿಲ್ಲಿಸಿದ ಮೇಲೂ ಅವರ ನಗು ನಿಲ್ಲಲಿಲ್ಲ. ಅಷ್ಟು ನಗುವಂಥದ್ದೇನೂ ಆಗಿರಲಿಲ್ಲ.

ಮತ್ತೆ ಫೋನನ್ನು ಕರೆದರು. "ಟಾಚ್ ಆಕು... ಟಾಚಾಕು ತಾಯೀ..."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದಳು ಅವಳು.

ಹಕಾರ ಬಿಟ್ಟಿದ್ದರು. ಅಷ್ಟೇ ಅಲ್ಲ, ನಾಲಿಗೆ ಹೊರಳುತ್ತಿರಲಿಲ್ಲ. ಹೆಂಡ ಮುಟ್ಟದ ಮನುಷ್ಯ ಕುಡಿದವನ ಹಾಗೆ ಮಾತು ಎಳೆಯುತ್ತಿದ್ದ. ನಾನು ಮಂಡಿಯೂರಿ ಕಿಂಡಿಗೆ ಬಗ್ಗಿ, "ಭಾವಾ, ಮೇಲೆ ಬನ್ನಿ. ಫೋನು ಬಿಟ್ಟು ಮೇಲೆ ಬನ್ನಿ" ಎಂದು ಕಿರುಚಿದೆ.

"ಬತ್ತೀ..." ಎಂದರು. ಉಳಿದದ್ದು ಬರಲಿಲ್ಲ. ಗೊರಕೆಯಂಥ ಒಂದು ಸದ್ದು. ಆಮೇಲೆ ಮೂಟೆ ಒರಗಿದ ಹಾಗೆ ಇನ್ನೊಂದು. ಫೋನು ಈ ಸಲ ಏನನ್ನೂ ಹೇಳಲಿಲ್ಲ.

ಭಾವನ ತಮ್ಮ ಹಗ್ಗವನ್ನು ನೆಲಕ್ಕೆ ಹಾಕಿ ಏಣಿಯ ಮೇಲೆ ಕಾಲಿಟ್ಟೇಬಿಟ್ಟ. ನಾನು ಅವನ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ. ಕೊನೆಯ ಸಾಲಿನಲ್ಲಿ ಯಾವಾಗಲೂ ಇರುತ್ತದೆ: ಎತ್ತಲು ಹೋದವರೂ ಮೇಲೆ ಬರಲಿಲ್ಲ. ಆ ಸಾಲೇ ನನ್ನ ಕೈಗೆ ಬಲ ಕೊಟ್ಟಿತೇನೋ.

"ಬುಡಿ! ನಮ್ಮಣ್ಣ ಸಾಯ್ತಾವ್ನೆ, ಬುಡಿ!"

"ನೀನು ಇಳಿದರೆ ನೀನೂ ಸಾಯ್ತೀಯ. ಹಗ್ಗ ಹಿಡ್ಕೋ! ಎಳಿ!"

ಅಷ್ಟರಲ್ಲಿ ಅಕ್ಕ ಹಗ್ಗ ಹಿಡಿದಾಗಿತ್ತು. ಕಾಲನ್ನು ಚಪ್ಪಡಿಗೆ ಆನಿಸಿ ಎಳೆಯುತ್ತಿದ್ದಳು. ನಾವಿಬ್ಬರೂ ಸೇರಿದೆವು. ನನ್ನ ಕಿರುಚಾಟಕ್ಕೆ ಎದುರುಮನೆಯಿಂದ ಇಬ್ಬರು ಗಂಡಸರು ಓಡಿ ಬಂದರು. ಭಾರ ಮೇಲೇಳುತ್ತಿತ್ತು, ಗೋಡೆಗೆ ತಾಗುತ್ತಿತ್ತು, ಮತ್ತೆ ಏಳುತ್ತಿತ್ತು. ಕಿಂಡಿಯ ಬಾಯಿಗೆ ಬಂದಾಗ ಭುಜ ಸಿಕ್ಕಿಕೊಂಡಿತು. ತಲೆ ಒಂದು ಕಡೆಗೆ ವಾಲಿತ್ತು. ಕೂದಲಿನ ತುಂಬ ಆ ಬೂದಿಯಂಥ ಹೊಟ್ಟು. ಎದುರುಮನೆಯವರೊಬ್ಬರು ಅವರ ಕೈಯೊಂದನ್ನು ಹಿಡಿದು ತಲೆಯ ಮೇಲಕ್ಕೆ ತಿರುಗಿಸಿ ಎಳೆದರು. ಏನೋ ಲಟಕ್ಕೆಂದಿತು. ಭಾವ ಅಂಗಳಕ್ಕೆ ಬಂದು ಬಿದ್ದರು.

ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಕ್ಕ ಅವರ ಎದೆಗೆ ಕಿವಿಯಿಟ್ಟಳು. "ಅದೆ" ಎಂದಳು. ಅಷ್ಟೇ. ಎದುರುಮನೆಯವರ ಗೂಡ್ಸ್ ಆಟೋದಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಅಕ್ಕನೂ ಭಾವನ ತಮ್ಮನೂ ನರಸೀಪುರದ ಆಸ್ಪತ್ರೆಗೆ ಹೊರಟರು. ಹಗ್ಗ ಇನ್ನೂ ಭಾವನ ಕಂಕುಳಲ್ಲೇ ಇತ್ತು. ಅದನ್ನು ಬಿಚ್ಚಲು ಯಾರಿಗೂ ಕೈ ಬಂದಿರಲಿಲ್ಲ.

ಹಗೇವಿನ ಬಾಯಿ ತೆರೆದೇ ಇತ್ತು. ಓಣಿಯ ಮಕ್ಕಳು ಬಂದಾರೆಂದು ನಾನು ಉಳಿದೆ. ಜಗಲಿಯ ಮೇಲೆ ಕೂತೆ. ಹಸು ಮೆಲುಕು ಹಾಕುತ್ತಿತ್ತು. ಎಲ್ಲವೂ ಭಾನುವಾರದ ಮಧ್ಯಾಹ್ನದ ಹಾಗೆಯೇ ಇತ್ತು. ನನ್ನ ಅಂಗೈಯಲ್ಲಿ ಮಾತ್ರ ಹಗ್ಗ ಉಜ್ಜಿದಲ್ಲಿ ಚರ್ಮ ಎದ್ದು ಉರಿಯುತ್ತಿತ್ತು.

ಆಗ ನೆಲದೊಳಗೆ ಫೋನು ರಿಂಗಾಯಿತು.

ಸುದ್ದಿ ಊರಿಂದ ಊರಿಗೆ ಹೋಗಿರಬೇಕು. ನೆಂಟರು ಯಾರೋ ಭಾವನ ನಂಬರಿಗೇ ಮಾಡುತ್ತಿದ್ದರು. ಹಗೇವಿನ ಹೊಟ್ಟೆಯಲ್ಲಿ ಆ ಸದ್ದು ಸುತ್ತಿ ಸುತ್ತಿ ದೊಡ್ಡದಾಗಿ ಕಿಂಡಿಯಿಂದ ಹೊರಬರುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ಹಸು ಕಿವಿ ನಿಗುರಿಸಿ ಅತ್ತ ನೋಡಿತು. ಎದ್ದು ಹೋಗಿ ಬಗ್ಗಿ ನೋಡಬೇಕು ಎನಿಸುತ್ತಿತ್ತು. ಯಾಕೆಂದು ಕೇಳಿದರೆ ಹೇಳಲಾರೆ. ಸೆರಗನ್ನು ಕಿವಿಗೆ ಒತ್ತಿಕೊಂಡು ಜಗಲಿಯ ಕಂಬ ಹಿಡಿದು ಕೂತೆ. ಕೆಳಗೆ ಆ ಟಾರ್ಚು ಇನ್ನೂ ಉರಿಯುತ್ತಿರಬೇಕು, ನೆಲಕ್ಕೆ ಮುಖ ಮಾಡಿಕೊಂಡು, ಎಂಬ ಯೋಚನೆಯನ್ನು ಮಾತ್ರ ಒತ್ತಿಹಿಡಿಯಲು ಆಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನನ್ನ ಫೋನಿಗೆ ಭಾವನ ತಮ್ಮನ ಕರೆ ಬಂತು. "ಉಸ್ರು ಸರಿಗದೆಯಂತೆ. ಕಣ್ಣು ಬುಟ್ಟಿಲ್ಲ. ಮೈಸೂರಿಗೆ ಕರ್ಕೊಂಡೋಯ್ತಾವಿ" ಎಂದ. ಹಿಂದೆ ಅಕ್ಕನ ದನಿ ಕೇಳುತ್ತದೇನೋ ಎಂದು ಕಿವಿಗೊಟ್ಟೆ. ಕೇಳಲಿಲ್ಲ. ಅಕ್ಕಪಕ್ಕದವರು ಬಂದು ಹಾರೆ ಹಾಕಿ ಚಪ್ಪಡಿಯನ್ನು ಮೊದಲಿನ ಜಾಗಕ್ಕೆ ಸರಿಸಿದರು. ಫೋನು ಒಳಗೇ ಉಳಿಯಿತು. ಅದನ್ನು ತೆಗೆಯುವ ಮಾತನ್ನು ಒಬ್ಬರೂ ಆಡಲಿಲ್ಲ.

ಭಾವ ಮಾರನೆಯ ದಿನ ಕಣ್ಣು ಬಿಟ್ಟರು. ಭುಜದ ಕೀಲು ತಪ್ಪಿತ್ತು, ಕೂರಿಸಿದರು. ಮೊದಲ ಕೆಲವು ದಿನ ಮಗಳನ್ನು ಅವಳ ಹೆಸರಿಟ್ಟು ಕರೆಯಲು ತಡವರಿಸುತ್ತಿದ್ದರು. ಅವಳು ಮಂಚದ ಪಕ್ಕ ನಿಂತು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ನಿಧಾನವಾಗಿ ಮಾತು ಸರಿಹೋಯಿತು. ಊರಿಗೆ ಬಂದರು. ಹಗೇವಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿಸಿದರು. ಮಗಳು ಹೊಸ ಫೋನು ಕೊಡಿಸಿದಳು. ದನಿಗೆ ಓಗೊಡುವುದನ್ನು ಹೊಂದಿಸಲು ಹೋದರೆ, "ಅದ್ನ ತೆಗ್ದುಬುಡವ್ವ. ಬಟನ್ ಟಾರ್ಚೇ ಸಾಕು" ಎಂದರಂತೆ.

ಅದಾಗಿ ಒಂದೆರಡು ತಿಂಗಳಿಗೆ ಸೋಸಲೆಗೆ ಹೋಗಿದ್ದೆ. ಹೊರಡುವಾಗ ಭಾವ ಬಸ್ಸು ಹತ್ತಿಸಲು ಜೊತೆಗೆ ಬಂದರು. ಅರಳಿಕಟ್ಟೆಯ ಮೇಲೆ ಕೂತಿದ್ದೆವು. ಕೇಳಬಾರದೆಂದಿದ್ದವಳು ಕೇಳಿಯೇ ಬಿಟ್ಟೆ.

"ಭಾವಾ, ಆವತ್ತು ಒಳಗೆ ನಿಮಗೆ ಭಯ ಆಗಲಿಲ್ವಾ?"

"ಇಲ್ಲ ಕಣವ್ವ. ಅದ್ನೇ ಯಾರ್ಗೂ ಯೋಳಿಲ್ಲ" ಎಂದರು. "ಬಲು ಸುಕವಾಗಿತ್ತು. ಗದ್ದೆ ಕೆಲ್ಸ ಮುಗಿಸ್ಬಂದು ತಣ್ಣಗೆ ಮಲೀಕತೀವಲ್ಲ, ಅಂಗೆ. ನೀನು ಮ್ಯಾಲಿಂದ ಕೂಗ್ತಾ ಇದ್ದುದ್ದು ಕೇಳುಸ್ತಿತ್ತು. ಯಾಕಿಂಗ್ ಕೂಗ್ತಾಳೆ ಇವ್ಳು, ಸುಮ್ಕಿರಬಾರ್ದಾ ಅನ್ನುಸ್ತು. ಮ್ಯಾಕ್ಕೆ ಬರಾಕೆ ಮನ್ಸೇ ಇರ್ಲಿಲ್ಲ."

ನಾನು ಅಂಗೈಯಲ್ಲಿ ಹಗ್ಗ ಉಜ್ಜಿದ ಗುರುತನ್ನು ಸವರಿಕೊಂಡೆ.

"ಈಗ್ಲೂ ಒಂದೊಂದ್ ಸಲ ಮಧ್ಯಾನ ಮಲಗಿದ್ರೆ ಅದು ನೆಪ್ಪಾಯ್ತದೆ" ಎಂದರು. "ಆಗ ಎದ್ದು ಬಿಸ್ಲಿಗೆ ಬಂದು ನಿಂತ್ಕತೀನಿ."

ನರಸೀಪುರದ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವರು ನನ್ನ ಬ್ಯಾಗನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲಭುಜ ಇನ್ನೂ ಪೂರ್ತಿ ಏಳುತ್ತಿರಲಿಲ್ಲ.

"ನಿಮ್ಮಕ್ಕಂಗೆ ಯೋಳ್ಬ್ಯಾಡ" ಎಂದರು.

ಹೇಳುವುದಿಲ್ಲ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವರು ಮನೆಯ ಕಡೆ ತಿರುಗದೆ, ಮರದ ನೆರಳು ಬಿಟ್ಟು ರಸ್ತೆಯ ಅಂಚಿನ ಬಿಸಿಲಿನಲ್ಲಿ ನಿಂತೇ ಇದ್ದರು.