ಸೂಗಮ್ಮನ ಸೆರಗಿನ ಗಂಟು

ರಾಯಚೂರಿನ ಹತ್ತಿ ಗಿರಣಿಯಲ್ಲಿ ನಮಗೆಲ್ಲ ನೀರು ಕೊಡುತ್ತಿದ್ದವಳು ದೇವದುರ್ಗದ ಸೂಗಮ್ಮ. ಎಂಥ ಹೆಂಗಸು ಅಂತೀರಿ! ನೀರು ಕುಡಿಯುವ ನೆಪದಲ್ಲಿ ಎಲ್ಲರೂ ಹೊಟ್ಟೆಯೊಳಗಿನದನ್ನು ಅವಳ ಮುಂದೆ ಕಕ್ಕಿ ಬರುತ್ತಿದ್ದೆವು. ಕೇಳಿ ಮುಗಿಸಿ ಅವಳು ಸೆರಗಿನ ತುದಿಗೆ ಒಂದು ಗಂಟು ಹಾಕುವಳು. ಗಂಟು ಬಿತ್ತೆಂದರೆ ಮುಗಿಯಿತು, ಆ ಮಾತು ಅವಳ ಗಂಡನ ಕಿವಿಗೂ ಬೀಳದು. ಆದರೆ ಮೊದಲೇ ಹೇಳಿಬಿಡುತ್ತಿದ್ದಳು: "ಯಾರ ಜೀವಕ್ಕರ ಕುತ್ತು ಬರಂಗಿದ್ರ ನಾ ಸುಮ್ನ ಕುಂದ್ರಾಕಿ ಅಲ್ಲ. ಒಪ್ಪಿಗಿ ಇದ್ರ ಹೇಳು, ಇಲ್ಲಂದ್ರ ನೀರು ಕುಡದು ಹೋಗು."

ಎಪ್ಪತ್ತೆಂಟರ ಹಂಗಾಮಿನಲ್ಲಿ ನಮ್ಮೊಡನೆ ಕೆಲಸಕ್ಕಿದ್ದ ಮಾನ್ವಿಯ ಜಂಬಮ್ಮ ಅವಳ ಹತ್ತಿರ ಕೂತು ಬಹಳ ಹೊತ್ತು ಅತ್ತಳು. ಜಂಬಮ್ಮನ ಗಂಡ ಕನಕಪ್ಪ ನಮ್ಮಲ್ಲೇ ಮಷಿನ್ನಿಗೆ ಹತ್ತಿ ಹಾಕುವವನು. ಏನು ಹೇಳಿದಳೋ ನಮಗೆ ತಿಳಿಯಲಿಲ್ಲ, ಗಂಟು ಮಾತ್ರ ಕಂಡಿತು. ಆಮೇಲೆ ಸೂಗಮ್ಮ ಕನಕಪ್ಪನನ್ನು ಬದಿಗೆ ಕರೆದು ಏನೋ ಬೇಡಿಕೊಂಡಳು. ಅವನು ತಲೆ ಕೊಡವಿ ಹೋದ. ಅವಳು ಸೀದಾ ಮೇಸ್ತ್ರಿ ದಸ್ತಗೀರ್ ಸಾಬರ ಮುಂದೆ ನಿಂತಳು.

"ಕನಕಪ್ಪನ್ನ ಮಷಿನ್ ಕಡಿಂದ ತೆಗದು ಗೇಟು ಕಾಯಾಕ ಹಾಕ್ರಿ. ಯಾಕಂತ ಕೇಳಬ್ಯಾಡ್ರಿ."

ಸಾಬರು ಅವಳ ಮುಖ ನೋಡಿದರು. ಕಾರಣ ಕೇಳದೆಯೇ ಒಪ್ಪಿದರು.

ಮರುದಿನ ಗೇಟಿನಲ್ಲಿ ನಿಂತ ಗಂಡನನ್ನು ಕಂಡು ಜಂಬಮ್ಮ ಬೆಂಕಿಯಾಗಿ ಒಳಗೆ ಬಂದಳು.

"ನಂಬಿದ್ದಕ್ಕ ಹೊಟ್ಟಿ ಮ್ಯಾಲ ಹೊಡದ್ಯಲ್ಲ! ಅವಗ ಮೂರ್ಛಿ ಬರ್ತದಂತ ಊರಿಗೆಲ್ಲ ಸಾರಿದ್ಯಾ? ಕೆಲಸ ಹೋದ್ರ ನನ್ನ ಮಕ್ಕಳಿಗೆ ನೀ ಕೂಳು ಹಾಕ್ತಿಯೇನು?"

ಹತ್ತಿಯಲ್ಲಿದ್ದ ಕೈಗಳೆಲ್ಲ ನಿಂತವು. ಸಾಬರೂ ಅಲ್ಲೇ ಇದ್ದರು. ಅಯ್ಯೋ ಪುಣ್ಯಾತ್ಗಿತ್ತಿ, ನನಗಂತೂ ಅವಳ ಬಾಯಿಗೆ ಹತ್ತಿ ತುರುಕಬೇಕೆನಿಸಿತು.

ಸೂಗಮ್ಮ ಸೆರಗು ಎತ್ತಿ ತೋರಿಸಿದಳು. ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು.

"ನಾ ಬಿಚ್ಚಿಲ್ಲ ಬೇ. ನೀನ ಬಿಚ್ಚಿದಿ."

ಜಂಬಮ್ಮ ಗಪ್ಪನೆ ಬಾಯಿಗೆ ಕೈ ಅಡ್ಡ ಹಿಡಿದಳು. ಸೂಗಮ್ಮ ಅವಳ ಕೈಗೆ ನೀರಿನ ಚೊಂಬು ಕೊಟ್ಟು ಸಾಬರ ಕಡೆ ತಿರುಗಿದಳು. "ಮಷಿನ್ ಮ್ಯಾಲ ಬಿದ್ರ ಹೆಣಾನ ಎತ್ತಬೇಕ್ರಿ. ಗೇಟಿನ್ಯಾಗ ಬಿದ್ರ ನೀರು ಚಿಮುಕಿಸಿ ಎಬ್ಬಸಬಹುದು. ಕೆಲಸ ತೆಗೀಬ್ಯಾಡ್ರಿ."

ಸಾಬರು ಗಡ್ಡ ಕೆರೆದುಕೊಂಡರು. "ಗೇಟು ಅವಂದ. ಏನು ನೋಡ್ತೀರಿ, ಕೆಲಸ ಮಾಡ್ರಿ."

ಕನಕಪ್ಪ ಆ ಗೇಟಿನಲ್ಲಿ ಬಹಳ ವರ್ಷ ಇದ್ದ. ಆಗಾಗ ಬಿದ್ದ, ಎದ್ದ. ಚೊಂಬು ಹಿಡಿದು ಮೊದಲು ಓಡುತ್ತಿದ್ದವಳು ಸೂಗಮ್ಮನೇ. ಇನ್ನು ಜಂಬಮ್ಮ, ಸೂಗಮ್ಮನ ಹತ್ತಿರ ಏನು ಹೇಳುವುದಿದ್ದರೂ ಮೊದಲು ತನ್ನ ಸೆರಗಿಗೇ ಒಂದು ಗಂಟು ಹಾಕಿಕೊಂಡು ಕೂಡುತ್ತಿದ್ದಳು.