ಸವಣೂರಿಗೆ ಮೂರು ನಿಮಿಷ

ವಿಮಾನವನ್ನು ನಾನು ಕೆಳಗಿನಿಂದ ಮಾತ್ರ ಬಲ್ಲೆ. ತಿಳವಳ್ಳಿಯ ನನ್ನ ಹಿಟ್ಟಿನ ಗಿರಣಿಯ ಮೇಲೆ ಅದು ಹಾದುಹೋದರೂ ಗಿರಣಿಯ ಸದ್ದಿನಲ್ಲಿ ನನಗೆ ಗೊತ್ತಾಗುವುದಿಲ್ಲ. ಬೀಸಿಸಲು ಬಂದವರು ಕತ್ತೆತ್ತಿದ್ದು ನೋಡಿ ನಾನೂ ಎತ್ತುತ್ತೇನೆ.

ಅಂಥವನು ಈಚೆಗೊಂದು ಮಧ್ಯಾಹ್ನ ಕರೆಂಟು ಹೋದಾಗ, ಸವಣೂರು ಎಷ್ಟು ದೂರ ಎಂದು ಮೊಬೈಲನ್ನು ಕೇಳಿದೆ. ಅದು ರಸ್ತೆಯ ಮಾತೇ ಎತ್ತಲಿಲ್ಲ. ಆಕಾಶಮಾರ್ಗದಲ್ಲಿ ನಲವತ್ತು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಮೂರು ನಿಮಿಷ ಎಂದಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೂ ಇಷ್ಟು ಗೊತ್ತು: ನಮ್ಮೂರಿನಿಂದ ವಿಮಾನ ಏಳಬೇಕಾದರೆ ಮೊದಲು ಗೋವಿನಜೋಳ ಕಟಾವು ಆಗಬೇಕು. ಸವಣೂರಿನಲ್ಲಿ ಇಳಿಯಲು ಹೋದರೆ ಅಲ್ಲಿನ ಆನೆಗಾತ್ರದ ದೊಡ್ಡಹುಣಸೆ ಮರಗಳು ದಾರಿ ಬಿಡುವುದಿಲ್ಲ. ಮೊಬೈಲಿಗೆ ಈ ಚಿಂತೆಯೇನೂ ಇರಲಿಲ್ಲ.

ಕೇಳಿದ್ದು ಯಾಕೆಂದರೆ, ನನ್ನದೊಂದು ಸುಳ್ಳಿಗೆ ಸಾಕ್ಷಿ ಬೇಕಾಗಿತ್ತು. ಸವಣೂರಿನಲ್ಲಿ ನನ್ನ ಅಕ್ಕ ಇದ್ದಾಳೆ. ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತಾವಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಮೂರು ಪಂಚಮಿ ನಾನು ಹೋಗಲಿಲ್ಲ. ಹಬ್ಬದ ಮುಂದೆ ಊರೆಲ್ಲ ಅಳ್ಳಿಟ್ಟು ಬೀಸಿಸಲು ಜೋಳದ ಅರಳು ತರುತ್ತದೆ, ಗಿರಣಿ ಬಿಡಲಾಗದು, ಮೇಲೆ ಮೂರು ಬಸ್ಸಿನ ದೂರ ಎನ್ನುತ್ತಿದ್ದೆ. ಮೈಗಳ್ಳತನಕ್ಕೆ ದೂರ ಎಂದು ಹೆಸರಿಟ್ಟಿದ್ದೆ, ಅಷ್ಟೆ. ಫೋನಿನಲ್ಲಿ ‘ಬಾ’ ಎಂದುಬಿಡುತ್ತಿದ್ದೆ. ಕರೆ ಮಾಡಿದರೆ ಕರೆದಂತಾಯಿತು ಎಂದು ನನ್ನ ಲೆಕ್ಕ. ಅವಳು ಬರಲಿಲ್ಲ. ಕಂಡವರ ಅಕ್ಕತಂಗಿಯರಿಗೆಲ್ಲ ಮೂರು ವರ್ಷ ಹಿಟ್ಟು ಬೀಸಿದೆ. ಈಗ ನಾಲ್ಕನೆಯ ಪಂಚಮಿ ಹತ್ತಿರ ಬಂದಿತ್ತು.

ಮೂರು ನಿಮಿಷ ಎಂದು ಓದಿದ್ದೇ ನಗು ಬಂತು. ಬುದ್ಧಿಯಿಲ್ಲದೆ ಅಕ್ಕನಿಗೇ ಫೋನ್ ಹಚ್ಚಿದೆ.

“ಅಕ್ಕಾ, ವಿಮಾನದಾಗ ನಿಮ್ಮೂರು ಬರೇ ಮೂರ ನಿಮಿಷ ಅಂತ!”

“ಹೌದನೋ ತಮ್ಮಾ? ಹಂಗಾರ ನಾ ಮೂರ ವರ್ಷ ಹೊಸ್ತಿಲದಾಗ ನಿಂತು ಬಸ್ಸಿನ ದಾರಿ ನೋಡಿದ್ದ ತಪ್ಪಾತು. ಮ್ಯಾಲೆ ನೋಡಬೇಕಿತ್ತು.”

ನಕ್ಕಳು. ಫೋನ್ ಇಟ್ಟು ನಾನು ಹಾನಗಲ್ಲಿನ ಮೊದಲ ಬಸ್ಸಿನ ಹೊತ್ತು ಕೇಳಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಗಿರಣಿಗೆ ಕೀಲಿ ಹಾಕುತ್ತಿದ್ದೆ. ಪಕ್ಕದ ಮನೆಯ ಮುದುಕಿ ಅರಳಿನ ಡಬ್ಬಿ ಹಿಡಿದು ಬಂದಳು.

“ಎಲ್ಲಿಗಿ ಹೊಂಟೀಯೋ?”

“ಅಕ್ಕನ್ನ ಕರಿಯಾಕ, ಆಯೀ.”

“ಈಗರ ನೆಪ್ಪಾತೇನು! ನನ್ನ ಹಿಟ್ಟು ನಾಳೆ ಆದ್ರೂ ನಡಿತೈತಿ, ಹೋಗು.”

ಮೂರು ವರ್ಷದ ನೆಪ ಒಂದೇ ಮಾತಿಗೆ ಉದುರಿತು.

ಹಾನಗಲ್ಲಿಗೆ ಒಂದು ಬಸ್ಸು, ಶಿಗ್ಗಾಂವಕ್ಕೆ ಇನ್ನೊಂದು, ಸವಣೂರಿಗೆ ಮತ್ತೊಂದು. ಹಾನಗಲ್ಲಿನಲ್ಲಿ ಕಾದ ಹೊತ್ತಿನಲ್ಲಿ ವಿಮಾನ ಎಷ್ಟು ಸಲ ಹೋಗಿಬರುತ್ತಿತ್ತು ಎಂದು ಬೆರಳೆಣಿಸಲು ಕೂತೆ. ಬೆರಳು ಮುಗಿದವು, ಬಸ್ಸು ಬರಲಿಲ್ಲ.

ಅಕ್ಕ ಬಾಗಿಲು ತೆರೆದು ನನ್ನನ್ನು ನೋಡಿದಳು. ಆಮೇಲೆ ಆಕಾಶ ನೋಡಿದಳು.

“ಎಲ್ಲಿ ಇಳಿಸಿದ್ಯೋ ವಿಮಾನ?”

“ತಪ್ಪಾತಕ್ಕಾ. ಕರಿಯಾಕ ಬಂದೇನಿ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಕುಂದ್ರು, ಮೊದಲ ಉಣ್ಣು. ಬೈಯೂದು ದಾರ್ಯಾಗ ಐತಿ.”

ಮಾತಿಗೆ ತಪ್ಪಲಿಲ್ಲ. ಶಿಗ್ಗಾಂವದವರೆಗೆ ಮೊದಲನೆಯ ಪಂಚಮಿಗೆ ಬೈದಳು, ಹಾನಗಲ್ಲಿನವರೆಗೆ ಎರಡನೆಯದಕ್ಕೆ. ನಡುನಡುವೆ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಮೂರನೆಯ ಪಂಚಮಿ ಅರ್ಧವೂ ಮುಗಿದಿರಲಿಲ್ಲ, ತಿಳವಳ್ಳಿ ಕಂಡಿತು. ಊರು ಇನ್ನೊಂದು ಬಸ್ಸಿನಷ್ಟು ದೂರ ಇರಬಾರದಿತ್ತೇ ಎಂದು ನನಗೆ ಅನಿಸಿದ್ದು ಅದೇ ಮೊದಲು.