ಕುಡಿಕೆಯ ಮೇಲಿನ ಹೆಬ್ಬೆರಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನೆಟ್ಟಗಿರುವ ಪಾತ್ರೆ ಒಂದೂ ಇರಲಿಲ್ಲ. ಹಳಿಯಾಳದ ಹತ್ತಿರ ತೇರಗಾಂವದಲ್ಲಿ ಅಪ್ಪ ಊರಿಗೆಲ್ಲ ಗಡಿಗೆ, ಬಟ್ಟಲು ಮಾಡಿಕೊಡುತ್ತಿದ್ದ. ನಮಗೆ ಮಾತ್ರ ಸೊಟ್ಟವೇ ಏಕೆ ಎಂಬ ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು. ಅಕ್ಕನನ್ನು ಕೇಳಿದರೆ, "ಚಲೋವು ಮಂದಿಗೆ, ಸೊಟ್ಟವು ನಮಗ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ನನ್ನ ಮೊಸರಿನ ಕುಡಿಕೆ, ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮಡಿಕೆ, ಎಡಕ್ಕೆ ವಾಲಿತ್ತು. ಮೊಸರು ಒಂದು ಕಡೆ ಅಂಚು ಮುಟ್ಟಿದರೆ ಇನ್ನೊಂದು ಕಡೆ ಎರಡು ಬೆರಳು ಕೆಳಗಿರುತ್ತಿತ್ತು. ನನಗೊಂದು ನೆಟ್ಟಗಿನ ಕುಡಿಕೆ ಬೇಕಿತ್ತು.

ಒಂದು ದಿನ ಅಪ್ಪ ಐದು ಕುಡಿಕೆ ಮಾಡಿ ನೆರಳಿಗೆ ಇಟ್ಟಿದ್ದ. ಹಸಿಮಣ್ಣಿನ ವಾಸನೆ ಪಡಸಾಲೆ ತುಂಬಿತ್ತು. ಕೆಟ್ಟದ್ದು ಮನೆಯಲ್ಲೇ ಉಳಿಯುತ್ತದಲ್ಲ, ಒಂದನ್ನು ನಾನೇ ಸ್ವಲ್ಪ ಕೆಡಿಸಿದರೆ? ಒಂದರ ಹೊಟ್ಟೆಗೆ ಹೆಬ್ಬೆರಳು ಒತ್ತಿದೆ. ತಣ್ಣಗೆ, ಬೆಣ್ಣೆಗೆ ಒತ್ತಿದ ಹಾಗೆ ಒಳಗಿಳಿಯಿತು. ಗುಳಿ ಕಾಣದಂತೆ ಗೋಡೆಯ ಕಡೆ ತಿರುಗಿಸಿಟ್ಟೆ.

ಅವು ಐರಾಣಿಯ ಕುಡಿಕೆಗಳೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಮದುವೆಯ ಪೂಜೆಗೆ ಇಡುವ ಮಡಿಕೆಗಳಿಗೆ ಐರಾಣಿ ಎನ್ನುತ್ತಾರೆ. ಮದುವೆ ಮನೆಯ ಹೆಂಗಸರು ವಾದ್ಯದೊಂದಿಗೆ ಕುಂಬಾರರ ಮನೆಗೇ ಬಂದು ಅವನ್ನು ಒಯ್ಯುತ್ತಾರೆ.

ಅವರು ಬರುವ ದಿನ ಬೆಳಿಗ್ಗೆ ಅಪ್ಪ ಸುಟ್ಟ ಕುಡಿಕೆಗಳನ್ನು ಬೂದಿಯಿಂದ ಹೊರತೆಗೆದ. ಬೆರಳ ಗೆಣ್ಣಿನಿಂದ ಒಂದೊಂದನ್ನೂ ಬಡಿದು ದನಿ ಕೇಳಿದ. ಐದನೆಯದರಲ್ಲಿ ಗುಳಿ ಕಂಡಿತು. ನನ್ನ ಕೈ ಹಿಡಿದು ಹೆಬ್ಬೆರಳನ್ನು ಗುಳಿಯಲ್ಲಿಟ್ಟ. ಅಳತೆ ತೆಗೆದಂತೆ ಕೂತಿತು. ಇನ್ನೊಂದು ಮಾಡಿ ಸುಡಲು ಹೊತ್ತಿರಲಿಲ್ಲ. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮಧ್ಯಾಹ್ನ ಹೆಂಗಸರು ಬಂದರು. ಅಪ್ಪ ಮದುಮಗಳ ಅಜ್ಜಿಯ ಮುಂದೆ ತಲೆ ತಗ್ಗಿಸಿ, "ಇದೊಂದು ಕೆಟ್ಟೈತ್ರಿ. ನನ್ನ ಮಗಳು ಒತ್ಯಾಳ" ಎಂದ.

ಆ ಅಜ್ಜಿ ಕುಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಬಡಿದರು. "ದನಿ ಚಲೋ ಐತಿ. ಹೆಣ್ಣಮಗಳ ಬೆರಳಿನ ಗುರ್ತು, ಮದುವಿ ಮನಿಗೆ ಬ್ಯಾಡಂತ ಯಾರಂತಾರ?" ಎಂದು ಎಲ್ಲಕ್ಕಿಂತ ಮೊದಲು ಅದನ್ನೇ ಬುಟ್ಟಿಗೆ ಇಟ್ಟುಕೊಂಡರು.

ಅಪ್ಪನ ಮಾನ ಉಳಿಯಿತು, ನನ್ನ ಕುಡಿಕೆ ಹೋಯಿತು. ಕಣಜದ ಹಿಂದೆ ಕೂತು ಅತ್ತೆ.

ಮಾರನೆಯ ದಿನ ಅಪ್ಪ ಚಕ್ರದ ಮೇಲೆ ನೆಟ್ಟಗಿನ ಹೊಸ ಕುಡಿಕೆಯೊಂದನ್ನು ಮಾಡಿ ನನ್ನನ್ನು ಕರೆದ. ನನ್ನ ಹೆಬ್ಬೆರಳು ಹಿಡಿದು ತಾನೇ ಅದಕ್ಕೆ ಒತ್ತಿಸಿದ. "ಇನ್ನ ಇದನ್ನ ಯಾರೂ ಒಯ್ಯಂಗಿಲ್ಲ. ಇದು ನಿಂದ" ಎಂದ.

ಮೊನ್ನೆ ನೀವು ಮೊಮ್ಮಕ್ಕಳು ದಾಂಡೇಲಿಯಿಂದ ಆರು ಮಣ್ಣಿನ ಚಹಾ ಕಪ್‌ ತಂದಿರಲ್ಲ, ಆರರಲ್ಲೂ ಬೆರಳಿಡಲು ಗುಳಿಯಿದೆ. ಎಲ್ಲವೂ ಒಂದೇ ಕಡೆ, ಒಂದೇ ಆಳ. ಹಿಡಿಯಲು ಹಿತವಾಗಿವೆ, ಅವುಗಳಲ್ಲೇ ಚಹಾ ಕುಡಿಯುತ್ತಿದ್ದೇನೆ. ಆದರೆ ಎಷ್ಟು ಸವರಿದರೂ ಯಾರ ಬೆರಳಿನ ಗೆರೆಯೂ ಸಿಗಲಿಲ್ಲ. ಅದಕ್ಕೇ ಅಟ್ಟದಿಂದ ನನ್ನ ಕುಡಿಕೆ ಇಳಿಸಿ ನಿಮ್ಮ ಮುಂದಿಟ್ಟೆ. ಆ ಗುಳಿಗೆ ನನ್ನ ಹೆಬ್ಬೆರಳು ಈಗ ಹಿಡಿಸುವುದಿಲ್ಲ. ನಿಮ್ಮಲ್ಲಿ ಕಿರಿಯವಳದು ಸರಿಯಾಗಿ ಕೂತಿತು. ಅವಳು ಸುಮ್ಮನಿರದೆ ಒಳಗೂ ಕೈ ಹಾಕಿ, "ಅಜ್ಜಿ, ಒಳಗೂ ಒಂದು ಬೆರಳ ಐತಲ್ಲ, ದೊಡ್ಡದು" ಎಂದಳು.

ಇಷ್ಟು ವರ್ಷ ನಾನು ನೋಡಿರಲಿಲ್ಲ. ನಾನು ಹೊರಗಿನಿಂದ ಒತ್ತುವಾಗ ಮಣ್ಣು ಕುಸಿಯದಂತೆ ಅಪ್ಪ ಒಳಗಿನಿಂದ ಬೆರಳು ಕೊಟ್ಟು ಹಿಡಿದಿದ್ದ.